ಪ್ರಾಣಸಂಕಟದಲ್ಲಿ ಪರರಕ್ತ

ಮನೆಯ ಹಿರಿಯರೊಬ್ಬರು ಆಸ್ಪತ್ರೆಯ ತೀವ್ರನಿಗಾ ಘಟಕದಲ್ಲಿ ಕೃತಕ ಉಸಿರಾಟದ ಯಂತ್ರವನ್ನು ಆಶ್ರಯಿಸಿ ಮಲಗಿರುವಾಗ ಕುಟುಂಬದವರಿಗೆ ಒದಗುವ ಧರ್ಮಸಂಕಟಗಳು ಒಂದೆರಡಲ್ಲ. ರಕ್ತವನ್ನು ಏರಿಸುವ ವಿಷಯವು ಅವುಗಳಲ್ಲೊಂದು. ಹಿಮೋಗ್ಲೋಬಿನ್ ಎಂಟಕ್ಕೆ ಇಳಿದಿದೆಯೆಂಬ ಮಾತು ಕಿವಿಗೆ ಬಿದ್ದೊಡನೆ ಮಕ್ಕಳು, 'ರಕ್ತ ಕೊಡಿಸಿ, ಖರ್ಚಿನ ಯೋಚನೆ ಬೇಡ' ಎನ್ನುತ್ತಾರೆ. ವೈದ್ಯರು 'ಸದ್ಯಕ್ಕೆ ಬೇಡ' ಎಂದರೆ ಅದು ಉಪೇಕ್ಷೆಯೇನೋ ಎಂಬ ಶಂಕೆ ಹುಟ್ಟುತ್ತದೆ. ಅಮೆರಿಕದಲ್ಲಿರುವ ಹಿರಿಯ ಮಗ ದೂರವಾಣಿಯಲ್ಲಿ ಗದರುತ್ತಾನೆ; ಇಲ್ಲಿ ಹಗಲಿರುಳು ಶುಶ್ರೂಷೆಯಲ್ಲಿರುವ ತಮ್ಮ ಅಪರಾಧಿಯಂತೆ ನಿಲ್ಲುತ್ತಾನೆ. ವೈಕುಂಠಸಮಾರಾಧನೆ ಮುಗಿದು ವರ್ಷಗಳು ಸಂದರೂ 'ಇನ್ನೊಂದು ಬಾಟಲಿ ಕೊಡಿಸಿದ್ದರೆ' ಎಂಬ ಮಾತು ಒಡಹುಟ್ಟಿದವರ ನಡುವೆ ಮುಳ್ಳಾಗಿ ಉಳಿದಿರುವ ಮನೆಗಳನ್ನು ನಾವು ಬಲ್ಲೆವು. (ಬಾಟಲಿಯೆಂಬುದು ಹಳೆಯ ರೂಢಿಯ ಮಾತು; ಈಗ ಬರುವುದು ಪ್ಲಾಸ್ಟಿಕ್ ಚೀಲ.)

ಇದನ್ನು ವೈದ್ಯರಿಗೆ ಮಾತ್ರ ಸೇರಿದ ಪ್ರಶ್ನೆಯೆಂದು ಬಿಡುವಂತಿಲ್ಲ. ರಕ್ತವು ಯಾವ ಕಾರ್ಖಾನೆಯಲ್ಲಿಯೂ ತಯಾರಾಗುವ ಔಷಧವಲ್ಲ. ಯಾರೋ ಒಬ್ಬ ಅಪರಿಚಿತನು ತನ್ನ ಶರೀರದಿಂದ ತೆಗೆದು ಕೊಟ್ಟ ದಾನವದು. ಅದನ್ನು ಸ್ವೀಕರಿಸಬಹುದೇ, ಸ್ವೀಕರಿಸಬಹುದಾದರೆ ಎಷ್ಟು ಎಂಬುದು ಧರ್ಮವಿಚಾರವೇ ಆಗಿದೆ.

ಈ ಸಂದರ್ಭದಲ್ಲಿ ಛಾಂದೋಗ್ಯೋಪನಿಷತ್ತಿನ ಉಷಸ್ತಿ ಚಾಕ್ರಾಯಣರ ವೃತ್ತಾಂತವು ನೆನಪಿಗೆ ಬರುತ್ತದೆ. ಕುರುದೇಶದಲ್ಲಿ ಬೆಳೆ ನಾಶವಾಗಿ ಕ್ಷಾಮವುಂಟಾದಾಗ, ಹಸಿವಿನಿಂದ ಕಂಗೆಟ್ಟ ಆ ವಿದ್ವಾಂಸರು ಆನೆಯ ಮಾವುತನೊಬ್ಬನು ತಿನ್ನುತ್ತಿದ್ದ ಕಾಳನ್ನು ಬೇಡಿ, ಅವನ ಎಂಜಲೆಂದು ತಿಳಿದೇ ತಿಂದರು. ಬಳಿಕ ಅವನು ತಾನು ಕುಡಿದು ಉಳಿದಿದ್ದ ನೀರನ್ನು ನೀಡಲು, ಅದು ಎಂಜಲಾದುದರಿಂದ ಬೇಡವೆಂದರು. ಕಾಳೂ ಎಂಜಲಲ್ಲವೇ ಎಂದು ಮಾವುತ ಕೇಳಿದಾಗ, ಅದನ್ನು ತಿನ್ನದಿದ್ದರೆ ತಾವು ಬದುಕುತ್ತಿರಲಿಲ್ಲ, ನೀರಾದರೋ ಬೇಕಾದಲ್ಲಿ ದೊರೆಯುತ್ತದೆ ಎಂಬ ಅರ್ಥದ ಉತ್ತರವನ್ನು ಕೊಟ್ಟರು. ಈ ಪ್ರಸಂಗದ ಪೂರ್ವಾರ್ಧವನ್ನು ಆಪದ್ಧರ್ಮಕ್ಕೆ ನಿದರ್ಶನವಾಗಿ ಎಲ್ಲರೂ ಹೇಳುತ್ತಾರೆ. ನೀರನ್ನು ನಿರಾಕರಿಸಿದ ಉತ್ತರಾರ್ಧವನ್ನು ಅಷ್ಟಾಗಿ ಯಾರೂ ಗಮನಿಸುವುದಿಲ್ಲ. ನಮ್ಮ ಪ್ರಕೃತ ವಿಷಯಕ್ಕೆ ಎರಡೂ ಬೇಕು.

ಮೊದಲನೆಯದರಿಂದ ಮಡಿವಂತರ ಶಂಕೆಗೆ ಸಮಾಧಾನ ದೊರೆಯುತ್ತದೆ. ಪ್ರಾಣವೇ ಹೋಗುವ ಸಮಯದಲ್ಲಿ ಕೊಟ್ಟವನ ಕುಲಗೋತ್ರಗಳನ್ನು ವಿಚಾರಿಸತಕ್ಕದ್ದಿಲ್ಲ. ಆಸ್ಟ್ರಿಯಾದ ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ವಿವರಿಸಿದ ರಕ್ತದ ಗುಂಪುಗಳು ಯಾವ ಜಾತಿಯ ಎಲ್ಲೆಯನ್ನೂ ಅನುಸರಿಸುವುದಿಲ್ಲ. 'ಹೊರಗಿನವರದು ಬೇಡ, ಮಗನ ರಕ್ತವನ್ನೇ ಕೊಡಿ' ಎಂದು ಹಟ ಹಿಡಿಯುವವರು ಒಂದು ಸಂಗತಿಯನ್ನು ತಿಳಿದಿರಬೇಕು. ಅತಿ ಸಮೀಪದ ರಕ್ತಸಂಬಂಧಿಯ ಬಿಳಿಯ ಕಣಗಳು ರೋಗಿಯ ಕಣಗಳನ್ನೇ ಹೋಲುವುದರಿಂದ ಅವನ ಶರೀರವು ಅವುಗಳನ್ನು ಪರಕೀಯವೆಂದು ಗುರುತಿಸಿ ನಾಶಮಾಡದೆ ಹೋಗಬಹುದು. ಆಗ ಅವು ಅಲ್ಲಿಯೇ ಬೇರೂರಿ ರೋಗಿಯ ಚರ್ಮ, ಯಕೃತ್ತು, ಕರುಳು, ಅಸ್ಥಿಮಜ್ಜೆಗಳ ಮೇಲೆ ಎರಗುತ್ತವೆ. ಇದು ಅಪರೂಪವಾದರೂ ಬಂದರೆ ಬಹುತೇಕ ಮಾರಕವೇ. ಆದಕಾರಣ ಹತ್ತಿರದ ಬಂಧುಗಳ ರಕ್ತವನ್ನು ವಿಕಿರಣಕ್ಕೆ ಒಳಪಡಿಸಿದ ಹೊರತು ಕೊಡಬಾರದೆಂಬ ನಿಯಮವಿದೆ. ಮಗನಿಗಿಂತ ಅಪರಿಚಿತನೇ ಇಲ್ಲಿ ಸುರಕ್ಷಿತನೆಂಬುದು ವಿಚಿತ್ರವಾದರೂ ಸತ್ಯ.

ಇನ್ನು ಉಷಸ್ತಿಗಳು ನೀರನ್ನು ಬೇಡವೆಂದ ವಿಚಾರ. ಹಿಮೋಗ್ಲೋಬಿನ್ ಪ್ರಮಾಣವು 10 ಗ್ರಾಮಿಗಿಂತ ಕೆಳಗಿಳಿಯಬಾರದೆಂಬ ಸಲಹೆಯೊಂದು 1942ರಲ್ಲಿ ಅಮೆರಿಕದ ಅರಿವಳಿಕೆ ತಜ್ಞರಿಂದ ಬಂದಿತು. ಅನಂತರ ಹಲವು ದಶಕಗಳ ಕಾಲ ವೈದ್ಯಲೋಕವು ಅದನ್ನು ಹೆಚ್ಚು ಪರೀಕ್ಷಿಸದೆಯೇ ಪಾಲಿಸಿತು. ಕೆನಡಾ ದೇಶದ ವೈದ್ಯರು ತೀವ್ರನಿಗಾ ಘಟಕಗಳಲ್ಲಿದ್ದ 838 ರೋಗಿಗಳನ್ನು ಎರಡು ಪಂಗಡಗಳಾಗಿ ವಿಂಗಡಿಸಿ, ಒಂದು ಪಂಗಡಕ್ಕೆ ಪ್ರಮಾಣವು 10ಕ್ಕಿಂತ ಇಳಿದಾಗಲೂ ಮತ್ತೊಂದಕ್ಕೆ 7ಕ್ಕಿಂತ ಇಳಿದಾಗ ಮಾತ್ರವೂ ರಕ್ತವನ್ನು ಕೊಟ್ಟು ನೋಡಿದರು. 1999ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಧಾರಾಳವಾಗಿ ಪಡೆದವರಲ್ಲಿ ಮೂವತ್ತು ದಿನಗಳೊಳಗೆ ಶೇಕಡಾ 23.3 ಮಂದಿಯೂ, ಮಿತವಾಗಿ ಪಡೆದವರಲ್ಲಿ ಶೇಕಡಾ 18.7 ಮಂದಿಯೂ ತೀರಿಕೊಂಡಿದ್ದರು. ಈ ಅಂತರವು ಆಕಸ್ಮಿಕವೂ ಆಗಿರಬಹುದೆಂದು ಗಣಿತಜ್ಞರು ಎಚ್ಚರಿಸಿದರು; ಆದರೆ ರೋಗದ ತೀವ್ರತೆ ಕಡಿಮೆಯಿದ್ದವರಲ್ಲಿಯೂ 55 ವರ್ಷಕ್ಕಿಂತ ಕಿರಿಯರಲ್ಲಿಯೂ ಮಿತವೇ ಮೇಲೆಂಬುದು ಸ್ಪಷ್ಟವಾಗಿತ್ತು. ಸ್ಕ್ಯಾಂಡಿನೇವಿಯಾ ದೇಶಗಳಲ್ಲಿ ರಕ್ತದ ನಂಜಿನಿಂದ ಆಘಾತಕ್ಕೊಳಗಾದ ರೋಗಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿಯೂ ಹೆಚ್ಚು ಕೊಟ್ಟದ್ದರಿಂದ ಹೆಚ್ಚು ಜನ ಬದುಕಲಿಲ್ಲ.

ಕಾರಣ ತಿಳಿಯಲು ಕಷ್ಟವಿಲ್ಲ. ಏರಿಸಿದ ರಕ್ತವು ಹೃದಯಕ್ಕೊಂದು ಹೊರೆ. ಅದರ ದ್ರವಾಂಶವು ದುರ್ಬಲ ಹೃದಯವನ್ನು ಮೀರಿ ಶ್ವಾಸಕೋಶದಲ್ಲಿ ತುಂಬಬಹುದು. ಕೆಲವೊಮ್ಮೆ ದಾನಿಯ ರಕ್ತದಲ್ಲಿರುವ ಅಂಶಗಳೇ ಶ್ವಾಸಕೋಶಕ್ಕೆ ನೇರವಾಗಿ ಗಾಯವುಂಟುಮಾಡುತ್ತವೆ. ಉಸಿರಿಗಾಗಿ ಯಂತ್ರವನ್ನು ನಂಬಿ ಮಲಗಿದವನಿಗೆ ಇದಕ್ಕಿಂತ ದೊಡ್ಡ ಅಪಾಯ ಯಾವುದು? ಹಾಗೆಂದು 7 ಎಂಬ ಅಂಕೆಯನ್ನೇ ವೇದವಾಕ್ಯವೆಂದು ತಿಳಿಯುವುದೂ ತಪ್ಪು. ರಕ್ತಸ್ರಾವ ನಡೆಯುತ್ತಿರುವವರಿಗೆ ಈ ಲೆಕ್ಕ ಅನ್ವಯಿಸದು. ಹೃದಯಾಘಾತವಾದವರಿಗೆ ತುಸು ಹೆಚ್ಚು ಕೊಡುವುದು ಲೇಸಾಗಬಹುದೆಂದು 2023ರ ಪರೀಕ್ಷೆಯೊಂದೂ, ಮೆದುಳಿಗೆ ಪೆಟ್ಟಾದವರ ವಿಷಯದಲ್ಲಿ 2024ರ ಪರೀಕ್ಷೆಯೊಂದೂ ಸೂಚಿಸಿವೆ. ಆದುದರಿಂದಲೇ ಎದುರಿಗಿರುವ ರೋಗಿಯನ್ನು ನೋಡಿ ವೈದ್ಯರು ನಿರ್ಣಯಿಸತಕ್ಕದ್ದು. ಕಾಗದದ ಮೇಲಿನ ಅಂಕೆಯನ್ನು ನೋಡಿ ನಾವು ಒತ್ತಾಯಿಸತಕ್ಕದ್ದಲ್ಲ. ಮನೆಯವರು ಕೇಳಲೇಬೇಕೆಂದಿದ್ದರೆ ವಿನಯದಿಂದ ಕೇಳಬಹುದಾದ ಬೇರೊಂದು ಪ್ರಶ್ನೆಯಿದೆ. ಇಂತಹ ಘಟಕಗಳಲ್ಲಿ ಪರೀಕ್ಷೆಗಳಿಗೆಂದೇ ರೋಗಿಯಿಂದ ದಿನಕ್ಕೆ ಸುಮಾರು 40 ಮಿಲಿಲೀಟರ್ ರಕ್ತವನ್ನು ತೆಗೆಯುತ್ತಿದ್ದರೆಂದು ಪಶ್ಚಿಮ ಯೂರೋಪಿನ ಸಮೀಕ್ಷೆಯೊಂದರಿಂದ ತಿಳಿದುಬಂದಿತ್ತು. ಕಡಿಮೆ ರಕ್ತ ಸಾಲುವ ಸಣ್ಣ ನಳಿಕೆಗಳೂ ಇವೆ. ಎಲ್ಲ ಪರೀಕ್ಷೆಗಳೂ ಪ್ರತಿದಿನ ಅಗತ್ಯವೇ ಎಂದು ಕೇಳುವುದರಲ್ಲಿ ಅವಿನಯವೇನೂ ಇಲ್ಲ.

ದಾನವು ದೇಶ, ಕಾಲ, ಪಾತ್ರಗಳನ್ನು ಅರಿತು ಸಲ್ಲಬೇಕೆಂದು ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ಭಗವಂತನು ತಿಳಿಸಿದ್ದಾನೆ. ಕೊಡುವವನಿಗೆ ಹೇಳಿದ ಈ ಮಾತು ಪಡೆಯುವವನ ಕಡೆಯವರಿಗೂ ಸಲ್ಲುತ್ತದೆಯೆಂದು ನಾವು ತಿಳಿಯುತ್ತೇವೆ. ಕೆಂಪು ಕಣಗಳನ್ನು 35 ಅಥವಾ 42 ದಿನ, ಪ್ಲೇಟ್‌ಲೆಟ್‌ಗಳನ್ನು 5 ದಿನ ಮಾತ್ರ ಇಡಬಹುದು. ನಮ್ಮ ಸಮಾಧಾನಕ್ಕೆಂದು ಒಂದು ಚೀಲವನ್ನು ಏರಿಸಿದರೆ, ಅದೇ ರಾತ್ರಿ ಹೆರಿಗೆಯಲ್ಲಿ ರಕ್ತ ಹರಿದು ಬರುವ ತಾಯಿಗೆ ಆ ಚೀಲವು ಇಲ್ಲವಾಗಬಹುದು.

ಅತ್ಯಂತ ಕಠಿಣವಾದ ಘಟ್ಟವೊಂದು ಉಳಿದಿದೆ. ಚೇತರಿಕೆಯ ಆಸೆ ಇಲ್ಲವೆಂದು ವೈದ್ಯರು ಒಮ್ಮತದಿಂದ ಹೇಳಿದ ಮೇಲೂ ಯಂತ್ರ ನಡೆಯುತ್ತಿರುತ್ತದೆ, ಹಿಮೋಗ್ಲೋಬಿನ್ ಇಳಿಯುತ್ತಿರುತ್ತದೆ. ಆಗ ರಕ್ತವನ್ನು ನಿಲ್ಲಿಸುವುದು ಹತ್ಯೆಯೇ? ಅಲ್ಲವೆಂದೇ ನಮ್ಮ ಮತ. ಪ್ರಾಣವನ್ನು ತೆಗೆಯುವುದು ಬೇರೆ, ಹೋಗುತ್ತಿರುವ ಪ್ರಾಣಕ್ಕೆ ಅಡ್ಡಕಟ್ಟದಿರುವುದು ಬೇರೆ. ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠವೂ 2018ರ ಮಾರ್ಚ್ 9ರ ತೀರ್ಪಿನಲ್ಲಿ ಈ ಭೇದವನ್ನು ಒಪ್ಪಿ, ವೈದ್ಯಮಂಡಳಿಗಳ ಅಭಿಪ್ರಾಯ ಪಡೆದು ಜೀವರಕ್ಷಕ ಚಿಕಿತ್ಸೆಯನ್ನು ನಿಲ್ಲಿಸಬಹುದೆಂದು ಹೇಳಿತು. 2023ರಲ್ಲಿ ಆ ವಿಧಾನವನ್ನು ಸರಳಗೊಳಿಸಿತು. ಇಬ್ಬರು ಸಾಕ್ಷಿಗಳ ಸಮಕ್ಷಮದಲ್ಲಿ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದ ಪತ್ರದ ಮೂಲಕ ಹಿರಿಯರು ತಮ್ಮ ಇಚ್ಛೆಯನ್ನು ಮೊದಲೇ ತಿಳಿಸಿಡಬಹುದು. ಕರ್ನಾಟಕ ಸರ್ಕಾರವೂ 2025ರ ಜನವರಿಯಲ್ಲಿ ಇದರ ಅನುಷ್ಠಾನಕ್ಕೆ ಸುತ್ತೋಲೆ ಹೊರಡಿಸಿದೆ. ಆಸ್ತಿ ಹಂಚಿಕೆಯ ಪತ್ರವನ್ನು ಮುತುವರ್ಜಿಯಿಂದ ಬರೆಸುವ ನಮ್ಮ ಗೃಹಸ್ಥರು ಇದನ್ನೇಕೆ ಬರೆಸುವುದಿಲ್ಲವೋ ತಿಳಿಯದು. ಮಕ್ಕಳ ಜಗಳ ಅರ್ಧಕ್ಕರ್ಧ ಅಲ್ಲಿಯೇ ನಿಂತೀತು.

ತಂದೆತಾಯಿಗಳಿಗಾಗಿ ಏನನ್ನಾದರೂ ಮಾಡಲೇಬೇಕೆಂದು ಚಡಪಡಿಸುವ ಮಕ್ಕಳಿಗೆ ರಕ್ತನಿಧಿಯ ಬಾಗಿಲು ತೆರೆದೇ ಇರುತ್ತದೆ. ಹದಿನೆಂಟು ದಾಟಿದ, 45 ಕಿಲೋ ತೂಕವಿರುವ ಆರೋಗ್ಯವಂತರು, ಹಿಮೋಗ್ಲೋಬಿನ್ 12.5 ಇದ್ದಲ್ಲಿ ಕೊಡಬಹುದು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ. ಕೊಟ್ಟದ್ದು ತಮ್ಮ ತಂದೆಗೇ ಸಲ್ಲಬೇಕೆಂಬ ನಿರ್ಬಂಧವನ್ನು ಮಾತ್ರ ಇಟ್ಟುಕೊಳ್ಳಬಾರದು. ಬರಿಹೊಟ್ಟೆಯಲ್ಲಿ ರಕ್ತ ಕೊಡಕೂಡದಾದ್ದರಿಂದ ಏಕಾದಶಿಯ ದಿನ ಹೋಗದೆ, ದ್ವಾದಶಿಯ ಪಾರಣೆಯನ್ನು ಮುಗಿಸಿ ಹೋಗುವುದು ಲೇಸು.