ಸರ್ವರ್ ಮತ್ತು ಸ್ವತಃಪ್ರಾಮಾಣ್ಯ

ವಿಂಡೋಸ್ ಸರ್ವರ್ ಹಾಕಿದ ಯಂತ್ರವೊಂದು ದೊಡ್ಡ ಸಂಸ್ಥೆಯ ನೆಟ್‌ವರ್ಕಿನಲ್ಲಿ ವರ್ಷಗಟ್ಟಲೆ ದುಡಿಯುತ್ತಿದೆ ಎಂದುಕೊಳ್ಳೋಣ. ಲೈಸೆನ್ಸಿಗೆ ಹಣ ಸಂದಿದೆ, ಒಪ್ಪಂದಕ್ಕೆ ಸಹಿ ಬಿದ್ದಿದೆ. ಆದರೂ ಅದು ಏಳು ದಿನಕ್ಕೊಮ್ಮೆ ಅದೇ ಸಂಸ್ಥೆಯ ಇನ್ನೊಂದು ಸರ್ವರಿನ ಬಳಿ, ಕೆಎಂಎಸ್ ಎಂದು ಕರೆಯುವ ಆಕ್ಟಿವೇಶನ್ ಸರ್ವರಿನ ಬಳಿ, ಹೋಗಿ ತಾನು ಅಸಲಿ ಎನ್ನಿಸಿಕೊಂಡು ಬರಬೇಕು. ಹಾಗೆ ಸಿಕ್ಕ ಒಪ್ಪಿಗೆಯ ಆಯುಸ್ಸು 180 ದಿನ. ಅಷ್ಟು ದಿನ ಒಮ್ಮೆಯೂ ಉತ್ತರ ಬರದಿದ್ದರೆ ಯಂತ್ರ ತಾನು ಆಕ್ಟಿವೇಟ್ ಆಗಿಲ್ಲವೆಂದು ಸಾರತೊಡಗುತ್ತದೆ. ಹಣ ವಾಪಸಾಗಿಲ್ಲ, ಒಪ್ಪಂದ ಮುರಿದಿಲ್ಲ, ಸಾಫ್ಟ್‌ವೇರಿನ ಒಂದಕ್ಷರವೂ ಬದಲಾಗಿಲ್ಲ. ಹೌದು ಎನ್ನುವವರು ಸಿಗಲಿಲ್ಲ, ಅಷ್ಟೇ. ಸಿಸ್ಟಮ್ ಅಡ್ಮಿನ್‌ಗಳಿಗೆ ಇದು ಮಾಮೂಲಿ ತಲೆನೋವು. ಆದರೆ ಇದರೊಳಗಿನ ಪ್ರಶ್ನೆಗೆ ಸಾವಿರ ವರ್ಷಕ್ಕೂ ಮೀರಿದ ವಯಸ್ಸಾಗಿದೆ: ಒಂದು ಅರಿವು ಸತ್ಯವೆಂದು ಗೊತ್ತಾಗುವುದು ಅದರಿಂದಲೇ ಆಗಿಯೋ, ಬೇರೊಂದರ ಸಾಕ್ಷ್ಯದಿಂದಲೋ?

ನಮ್ಮ ದರ್ಶನಗಳಲ್ಲಿ ಈ ಚರ್ಚೆಗೆ ಪ್ರಾಮಾಣ್ಯವಾದ ಎಂದು ಹೆಸರು. ಶ್ಲೋಕವಾರ್ತಿಕ ಬರೆದ ಮೀಮಾಂಸಕ ಕುಮಾರಿಲ ಭಟ್ಟ ಹಿಡಿದದ್ದು ಸ್ವತಃಪ್ರಾಮಾಣ್ಯದ ಪಕ್ಷ. ಜ್ಞಾನ ಹುಟ್ಟಿದಾಗಲೇ ಪ್ರಮಾಣ. ಅದನ್ನು ಸುಳ್ಳೆಂದು ತೋರಿಸುವ ಬಾಧಕ ಎದುರಾದಾಗ, ಇಲ್ಲವೇ ಅದನ್ನು ಹುಟ್ಟಿಸಿದ ಕಾರಣದಲ್ಲೇ ದೋಷ ಕಂಡಾಗ ಮಾತ್ರ ಕೈಬಿಡಬೇಕು. ನ್ಯಾಯದರ್ಶನದವರಾದ ನೈಯಾಯಿಕರು ಇದನ್ನು ಒಪ್ಪಲಿಲ್ಲ. ದೂರದಲ್ಲಿ ಕಂಡದ್ದು ನೀರೋ ಬಿಸಿಲ್ಗುದುರೆಯೋ ಎಂಬುದು ಹೋಗಿ ಕುಡಿದ ಮೇಲೆ ತಾನೇ ತೀರ್ಮಾನ, ಆದ್ದರಿಂದ ಪ್ರಾಮಾಣ್ಯ ಪರತಃ, ಅಂದರೆ ಬೇರೊಂದರಿಂದ, ಎಂದರು. ಉಡುಪಿಯ ಮಧ್ವಾಚಾರ್ಯರ ಪರಂಪರೆ ಸ್ವತಃ ಪಕ್ಷವನ್ನೇ ಉಳಿಸಿಕೊಂಡು ಅದಕ್ಕೆ ಸಾಕ್ಷಿಯೆಂಬ, ಅಂದರೆ ಆತ್ಮದ ಒಳಗಿನ ಅರಿವೆಂಬ, ನೆಲೆ ಕೊಟ್ಟಿತು. ಪರೀಕ್ಷೆಯ ಸರಪಳಿ ಸಾಕ್ಷಿಯಲ್ಲಿ ನಿಲ್ಲುತ್ತದೆ, ಅದನ್ನು ದೃಢಪಡಿಸಲು ಮತ್ತೊಂದು ಬೇಕಾಗುವುದಿಲ್ಲ. ವಿಜಯನಗರದ ಕಾಲದ ವ್ಯಾಸತೀರ್ಥರು ನವ್ಯನ್ಯಾಯವನ್ನು ಎದುರುಹಾಕಿಕೊಂಡು ಬರೆದ ತರ್ಕತಾಂಡವ ಶುರುವಾಗುವುದೇ ಈ ವಿಷಯದಿಂದ. ಆಕ್ಟಿವೇಶನ್ ವ್ಯವಸ್ಥೆಯನ್ನು ಕಟ್ಟಿದವರು ತಮಗೆ ಗೊತ್ತಿಲ್ಲದೆಯೇ ನೈಯಾಯಿಕರ ಪಕ್ಷ ಸೇರಿದ್ದಾರೆ. ಅದು ಕೆಟ್ಟಾಗ ಸರಿಮಾಡುವವರು ಮಾತ್ರ ಕುಮಾರಿಲನ ದಾರಿಯಲ್ಲಿ ನಡೆಯುತ್ತಾರೆ. ಸರಿಯಾದ ದಾರಿ ಅವರದು ಎಂಬುದು ನನ್ನ ವಾದ.

ಕೆಎಂಎಸ್ ಸಮಸ್ಯೆ ಬಂದಾಗ ನುರಿತ ಅಡ್ಮಿನ್ ಏನು ನೋಡುತ್ತಾನೆ ಎಂಬುದನ್ನು ಗಮನಿಸಬೇಕು. ಎಫ್074 ಎಂದು ಕೊನೆಗೊಳ್ಳುವ ಎರರ್ ಕೋಡ್ ಕಂಡರೆ ಆಕ್ಟಿವೇಶನ್ ಸರ್ವರನ್ನು ತಲುಪಲಾಗಲಿಲ್ಲ ಎಂದರ್ಥ. ಆಗ ಡಿಎನ್‌ಎಸ್‌ನಲ್ಲಿ ಆ ಸರ್ವರಿನ ವಿಳಾಸದ ದಾಖಲೆ ಇದೆಯೇ, ಫೈರ್‌ವಾಲ್ 1688ನೆಯ ಪೋರ್ಟನ್ನು ಮುಚ್ಚಿದೆಯೇ ಎಂದು ಪರೀಕ್ಷಿಸುತ್ತಾನೆ. ಆಮೇಲೆ ಗಡಿಯಾರ: ಎರಡೂ ಯಂತ್ರಗಳ ಸಮಯದಲ್ಲಿ ನಾಲ್ಕು ಗಂಟೆಗಿಂತ ಹೆಚ್ಚು ಅಂತರವಿದ್ದರೆ ಕೋರಿಕೆಯೇ ತಿರಸ್ಕೃತ. ಇವುಗಳಲ್ಲಿ ಒಂದಾದರೂ ಲೈಸೆನ್ಸ್ ಸುಳ್ಳಿರಬಹುದು ಎಂಬ ಅನುಮಾನದಿಂದ ಹೊರಟ ಪರೀಕ್ಷೆಯಲ್ಲ. ಹಕ್ಕು ಇದೆ ಎಂದೇ ಇಟ್ಟುಕೊಂಡು, ಅದರ ಸುದ್ದಿ ಎಲ್ಲಿ ತಡೆದು ನಿಂತಿದೆ ಎಂದು ಹುಡುಕುವ ಕೆಲಸ ಅದು. ಕೀ ನಿರ್ಬಂಧಿತವಾಗಿದೆ ಎಂದು ಹೇಳುವ ಕೋಡ್ ಬೇರೆಯೇ ಇದೆ, ಸಿ003ರಲ್ಲಿ ಮುಗಿಯುವಂಥದು. ಅದು ಬಾಧಕ, ಎಫ್074 ಬರೀ ಮೌನ. ಕೋಡ್ ಬರೆದವರಿಗೆ ಈ ಭೇದ ಗೊತ್ತಿತ್ತು ಎಂಬುದು ಸ್ಪಷ್ಟ. ಆದರೂ 180 ದಿನ ಕಳೆದ ಮೇಲೆ ಮೌನಕ್ಕೂ ಬಾಧಕಕ್ಕೂ ಹೆಚ್ಚುಕಡಿಮೆ ಒಂದೇ ಫಲ ಕೊಡಿಸಿದರು. ತಮಾಷೆಯೆಂದರೆ ಈ ಯಂತ್ರಗಳು ಬಳಸುವ 25 ಅಕ್ಷರಗಳ ಕೀ ಗುಟ್ಟೂ ಅಲ್ಲ. ವಾಲ್ಯೂಮ್ ಲೈಸೆನ್ಸಿನ ಸಾಮಾನ್ಯ ಕೀಗಳನ್ನು ಮೈಕ್ರೋಸಾಫ್ಟ್ ತಾನೇ ಎಲ್ಲರಿಗೂ ಕಾಣುವಂತೆ ಪ್ರಕಟಿಸಿದೆ. ಅಂಥ ಕೀ ಏನನ್ನೂ ಸಾಬೀತು ಮಾಡುವುದಿಲ್ಲ, ಯಾರನ್ನು ಕೇಳಬೇಕೆಂದಷ್ಟೇ ಯಂತ್ರಕ್ಕೆ ಹೇಳುತ್ತದೆ.

ಇನ್ನೂ ಸ್ವಾರಸ್ಯವಾದದ್ದು ಎಣಿಕೆಯ ನಿಯಮ. ಕನಿಷ್ಠ ಐದು ಸರ್ವರುಗಳು ಬಂದು ಕೇಳುವ ತನಕ ಕೆಎಂಎಸ್ ಯಾವ ಸರ್ವರಿಗೂ ಒಪ್ಪಿಗೆ ಕೊಡುವುದಿಲ್ಲ. ಮೇಜಿನ ಮೇಲಿನ ಕಂಪ್ಯೂಟರುಗಳಾದರೆ 25 ಬೇಕು. ಮೊದಲು ಬಂದ ನಾಲ್ಕಕ್ಕೆ ಎಣಿಕೆ ಸಾಲದೆಂಬ ಎಫ್038ರ ಉತ್ತರ. ಐದನೆಯದು ಬಂದ ಕೂಡಲೇ ಅದಕ್ಕೆ ಒಪ್ಪಿಗೆ, ಹಿಂದೆ ತಿರಸ್ಕೃತವಾದ ನಾಲ್ಕೂ ಮರಳಿ ಕೇಳಿದರೆ ಅವಕ್ಕೂ ಒಪ್ಪಿಗೆ. ಐದರಲ್ಲಿ ಯಾವುದರ ಕೈಯಲ್ಲೂ ತನ್ನದೇ ಆದ ಪುರಾವೆ ಇಲ್ಲ, ಆದರೂ ಒಟ್ಟಿಗೆ ಸೇರಿದ್ದೇ ಪುರಾವೆಯಾಯಿತು. ಒಂದು ಜ್ಞಾನಕ್ಕೆ ಇನ್ನೊಂದರ ಸಂವಾದ, ಅಂದರೆ ಹೊಂದಾಣಿಕೆ, ಬಲ ಕೊಡುತ್ತದೆ ಎಂದವರಿಗೆ ಕುಮಾರಿಲ ಹಾಕಿದ ಪ್ರಶ್ನೆ ಇಲ್ಲಿಗೂ ಸಲ್ಲುತ್ತದೆ: ಮೊದಲನೆಯದು ತನ್ನಷ್ಟಕ್ಕೆ ದುರ್ಬಲವಾದರೆ ಎರಡನೆಯದಕ್ಕೆ ಬಲ ಎಲ್ಲಿಂದ ಬಂತು? ಎರಡನೆಯದು ಸ್ವತಃ ನಿಲ್ಲಬಲ್ಲದಾದರೆ ಮೊದಲನೆಯದರ ಮೇಲೆ ಏಕೆ ಮುನಿಸು? ಈ ಎಣಿಕೆಯನ್ನು ಕೆಡಿಸುವ ಒಂದು ಪ್ರಸಿದ್ಧ ತೊಡಕಿದೆ. ಒಂದೇ ವರ್ಚುವಲ್ ಯಂತ್ರದ ಪ್ರತಿಗಳನ್ನು ಸಿಸ್‌ಪ್ರೆಪ್ ಮಾಡದೆ, ಅಂದರೆ ಹಳೆಯ ಗುರುತನ್ನು ಅಳಿಸದೆ, ಹರಡಿದರೆ ಎಲ್ಲಕ್ಕೂ ಒಂದೇ ಗುರುತುಸಂಖ್ಯೆ ಇರುತ್ತದೆ. ಹತ್ತು ಯಂತ್ರ ಕೇಳಿದರೂ ಲೆಕ್ಕಕ್ಕೆ ಬರುವುದು ಒಂದು. ಒಂದೇ ಬಾಯಿಂದ ಬಂದ ಹತ್ತು ಸಾಕ್ಷ್ಯ ಒಂದೇ ಸಾಕ್ಷ್ಯ ಎಂಬ ನ್ಯಾಯ ಯಂತ್ರಕ್ಕೂ ಗೊತ್ತಿದೆ. ಆದರೆ ಬೇರೆಬೇರೆ ಬಾಯಿಗಳ ಐದು ಮಾತು ಏಕೆ ಸಾಕು, ನಾಲ್ಕು ಏಕೆ ಸಾಲದು ಎಂಬುದಕ್ಕೆ ತರ್ಕದಲ್ಲಿ ಉತ್ತರವಿಲ್ಲ. ಅದು ದೊಡ್ಡ ಗಿರಾಕಿಯನ್ನು ಗುರುತಿಸಲು ಹಾಕಿದ ಗೆರೆ.

ನನ್ನ ವಾದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ. ಪ್ರಾಮಾಣ್ಯವಾದ ಜ್ಞಾನದ ಕುರಿತದ್ದು; ಲೈಸೆನ್ಸ್ ಜ್ಞಾನವಲ್ಲ, ಕರಾರಿನಿಂದ ಬಂದ ಹಕ್ಕು. ಹಕ್ಕು ಯಾವತ್ತೂ ಇನ್ನೊಬ್ಬರಿಂದಲೇ ಬರಬೇಕು, ಅದನ್ನು ಸ್ವತಃ ಎನ್ನುವುದು ಅಸಂಬದ್ಧ ಎನ್ನಬಹುದು. ಇದಕ್ಕೆ ಬೇಕಾದ ಉಪಕರಣ ಆ ಹಳೆಯ ಚರ್ಚೆಯಲ್ಲೇ ಇದೆ. ಪ್ರಾಮಾಣ್ಯ ಹುಟ್ಟುವುದು ಹೇಗೆ, ಅದು ತಿಳಿಯುವುದು ಹೇಗೆ ಎಂದು ಎರಡು ಪ್ರಶ್ನೆಗಳನ್ನು, ಉತ್ಪತ್ತಿ ಮತ್ತು ಜ್ಞಪ್ತಿಯನ್ನು, ಶಾಸ್ತ್ರಕಾರರು ಬೇರೆಯಾಗಿಟ್ಟರು. ಲೈಸೆನ್ಸಿನ ಉತ್ಪತ್ತಿ ಪರತಃ ಎಂಬುದನ್ನು ಪೂರ್ತಿ ಒಪ್ಪುತ್ತೇನೆ. ಮಾರಿದವನ ಸಮ್ಮತಿಯಿಲ್ಲದೆ ಅದು ಹುಟ್ಟದು. ಆದರೆ ಅದು ಹುಟ್ಟಿದ್ದು ಖರೀದಿಯ ದಿನ. ಆಮೇಲೆ ನಡೆಯುವ ಆಕ್ಟಿವೇಶನ್ ಹಕ್ಕನ್ನು ಹುಟ್ಟಿಸುವುದಿಲ್ಲ, ಇರುವ ಹಕ್ಕನ್ನು ಯಂತ್ರಕ್ಕೆ ತಿಳಿಸುತ್ತದೆ. ಏಳು ದಿನಕ್ಕೊಮ್ಮೆಯ ಈ ವಿಚಾರಣೆ ಜ್ಞಪ್ತಿಗೆ ಸೇರಿದ್ದಾಗಿರುವುದರಿಂದ, ಅದು ಸೋತರೆ ಆಗುವ ನಷ್ಟ ತಿಳಿವಳಿಕೆಯದು ಮಾತ್ರ ಆಗಬೇಕು. ತಿಳಿಯಲಿಲ್ಲ ಎನ್ನುವಲ್ಲಿ ಇಲ್ಲ ಎಂದು ಹೇಳುವುದೇ ಇಲ್ಲಿಯ ತಪ್ಪು.

ಎರಡನೆಯ ಆಕ್ಷೇಪ ಕಳ್ಳತನದ್ದು. ಕಂಪನಿಯ ಸಂಶಯ ಬರೀ ಹಟವಲ್ಲ, ಸಾಫ್ಟ್‌ವೇರ್ ಕದಿಯುವವರು ನಿಜಕ್ಕೂ ಇದ್ದಾರೆ. ಸಂಶಯವಿದ್ದ ಕಡೆ ಪರೀಕ್ಷೆ ನ್ಯಾಯ ಎಂದು ನೈಯಾಯಿಕ ಹೇಳಿಯಾನು. ಹೇಳಲಿ. ಆದರೆ ಪರೀಕ್ಷೆಯನ್ನು ಹೊರಗಿನ ಬಾಯಿಗೆ ಒಪ್ಪಿಸಿದಾಗ ಆ ಬಾಯಿಯನ್ನು ಪರೀಕ್ಷಿಸುವವರು ಬೇಕಾಗುತ್ತದೆ. ಕೆಎಂಎಸ್ ಸರ್ವರಿನಂತೆ ನಟಿಸುವ ನಕಲಿ ತಂತ್ರಾಂಶಗಳು ಬಹಳ ಕಾಲದಿಂದ ಚಾಲ್ತಿಯಲ್ಲಿವೆ. ಅವು ಹೌದು ಅಂದರೆ ಯಂತ್ರ ನಂಬುತ್ತದೆ. ಕದ್ದವನು ಸುಳ್ಳುಸಾಕ್ಷಿ ತಂದು ನಿಶ್ಚಿಂತನಾಗಿರುತ್ತಾನೆ, ಹಣ ಕೊಟ್ಟವನು ಫೈರ್‌ವಾಲಿನ ಒಂದು ಸಾಲು ತಪ್ಪಿದ್ದಕ್ಕೆ ರಾತ್ರಿ ಎದ್ದು ಕೂರುತ್ತಾನೆ. ಅನವಸ್ಥೆಯನ್ನು, ಅಂದರೆ ಪರೀಕ್ಷೆಗಳ ಈ ಕೊನೆಯಿಲ್ಲದ ಸರಪಳಿಯನ್ನು, ತಪ್ಪಿಸಲು ಎಲ್ಲೋ ಒಂದು ಕಡೆ ಪರೀಕ್ಷೆಯಿಲ್ಲದೆ ನಂಬಲೇಬೇಕು. ನೈಯಾಯಿಕನೇ ಆದ ಉದಯನ ಕೂಡ ಸಂಶಯಕ್ಕೆ ಗಡಿ ಹಾಕಿದ: ನಮ್ಮ ಸ್ವಂತ ನಡವಳಿಕೆಗೆ ವಿರೋಧ ಬರುವವರೆಗೆ ಮಾತ್ರ ಅದಕ್ಕೆ ಜಾಗ. ಸಹಿ ಹಾಕಿಸಿಕೊಂಡು ಹಣವನ್ನೂ ಪಡೆದ ಮೇಲೆ ಅದೇ ಗಿರಾಕಿಯನ್ನು ವಾರವಾರವೂ ಸಂಶಯಿಸುವುದು ಆ ಗಡಿಯ ಆಚೆಗಿದೆ ಎಂದೇ ನನಗೆ ಅನ್ನಿಸುತ್ತದೆ.

ಸಾಕ್ಷ್ಯ ಹೇಳಬೇಕಾದವರೇ ಎಡವಿದ ದಿನಗಳೂ ಇವೆ. 2007ರ ಆಗಸ್ಟಿನಲ್ಲಿ ಮೈಕ್ರೋಸಾಫ್ಟಿನ ಅಸಲಿತನ ಪರೀಕ್ಷಿಸುವ ಸರ್ವರುಗಳಿಗೆ ಇನ್ನೂ ಸಿದ್ಧವಾಗದ ಕೋಡ್ ಕೈತಪ್ಪಿನಿಂದ ಸೇರಿ, ಸಾವಿರಾರು ಅಸಲಿ ವಿಂಡೋಸ್ ಯಂತ್ರಗಳು ನಕಲಿ ಎನ್ನಿಸಿಕೊಂಡವು. ಮರುವರ್ಷ ಆಗಸ್ಟ್ 12ರಂದು ವಿಎಂವೇರ್‌ನ ಇಎಸ್‌ಎಕ್ಸ್ 3.5 ಅಪ್‌ಡೇಟ್ 2 ಹಾಕಿದ ಸರ್ವರುಗಳು ಲೈಸೆನ್ಸ್ ಮುಗಿದಿದೆ ಎಂದು ತಾವಾಗಿ ತೀರ್ಮಾನಿಸಿ, ಆರಿಸಿಟ್ಟಿದ್ದ ವರ್ಚುವಲ್ ಯಂತ್ರಗಳನ್ನು ಹೊತ್ತಿಸಲು ನಿರಾಕರಿಸಿದವು. ಪರೀಕ್ಷಾರ್ಥ ಆವೃತ್ತಿಗೆ ಇಟ್ಟಿದ್ದ ಗಡುವಿನ ಕೋಡನ್ನು ತೆಗೆಯಲು ಮರೆತಿದ್ದರು. ದುರಸ್ತಿ ಬರುವ ತನಕ ಅಡ್ಮಿನ್‌ಗಳಿಗೆ ಉಳಿದ ಉಪಾಯ ಗಡಿಯಾರವನ್ನು ಹಿಂದಕ್ಕೆ ತಿರುಗಿಸುವುದು. ಕಂಪನಿಯ ಮುಖ್ಯಸ್ಥ ಪಾಲ್ ಮಾರಿಟ್ಜ್ ಬಹಿರಂಗವಾಗಿ ಕ್ಷಮೆ ಕೇಳಿದರು. ಸತ್ಯ ಹೇಳಬೇಕಾದ ಸರ್ವರುಗಳೇ ಅಸಲಿಯನ್ನು ನಕಲಿ ಎಂದ ಮೊದಲ ಘಟನೆಯಲ್ಲಾಗಲಿ, ಗಡಿಯಾರವನ್ನು ಸುಳ್ಳಾಗಿಸಬೇಕಾಗಿ ಬಂದ ಎರಡನೆಯದರಲ್ಲಾಗಲಿ, ಗಿರಾಕಿಯ ಹಕ್ಕಿಗೆ ಏನೂ ಆಗಿರಲಿಲ್ಲ.

ಸ್ವತಃಪ್ರಾಮಾಣ್ಯವೆಂದರೆ ಎಲ್ಲವನ್ನೂ ಕಣ್ಣುಮುಚ್ಚಿ ಒಪ್ಪುವುದಲ್ಲ. ಕದ್ದ ಕೀಯನ್ನು ನಿರ್ಬಂಧಿಸಿದರೆ ಅದು ನಿಜವಾದ ಬಾಧಕ. ಪ್ರಯೋಗಕ್ಕೆಂದು ಕೊಟ್ಟ ವಿಂಡೋಸ್ ಸರ್ವರ್ 180 ದಿನ ಮುಗಿದ ಮೇಲೆ ಗಂಟೆಗೊಮ್ಮೆ ತಾನೇ ಆರಿಹೋಗುತ್ತದೆ. ಒರಟಾದರೂ ಅದು ಅನ್ಯಾಯವಲ್ಲ, ಗಡುವು ಮೊದಲೇ ಗೊತ್ತಿತ್ತು. ರೆಡ್ ಹ್ಯಾಟ್‌ನ ಲಿನಕ್ಸಿನಲ್ಲಿ ಚಂದಾ ಮುಗಿದರೆ ಹೊಸ ಅಪ್‌ಡೇಟ್‌ಗಳು ನಿಲ್ಲುತ್ತವೆ, ಸರ್ವರ್ ತನ್ನ ಪಾಡಿಗೆ ನಡೆಯುತ್ತದೆ. ವಿಂಡೋಸ್ ವಿಸ್ತಾದ ಮೊದಲ ಆವೃತ್ತಿ ಆಕ್ಟಿವೇಟ್ ಆಗದ ಯಂತ್ರವನ್ನು ಹೆಚ್ಚುಕಡಿಮೆ ಮುಚ್ಚಿಯೇಬಿಡುತ್ತಿತ್ತು. 2008ರ ಸರ್ವಿಸ್ ಪ್ಯಾಕ್ ಒಂದರಲ್ಲಿ ಮೈಕ್ರೋಸಾಫ್ಟ್ ಅದನ್ನು ಬಿಟ್ಟು ಬರೀ ಎಚ್ಚರಿಕೆಗೆ ಇಳಿಯಿತು. ವಾರವಾರದ ವಿಚಾರಣೆ ಅನಿವಾರ್ಯವಲ್ಲ ಎಂಬುದಕ್ಕೆ ಎಲ್ಲಕ್ಕಿಂತ ದೊಡ್ಡ ಪುರಾವೆ ಆ ಕಂಪನಿಯ ಇನ್ನೊಂದು ಬಗೆಯ ಕೀಯಲ್ಲಿದೆ. ಎಂಎಕೆ ಎಂಬ ಆ ಕೀ ಹಾಕಿದ ಸರ್ವರ್ ಒಮ್ಮೆ ಮೈಕ್ರೋಸಾಫ್ಟನ್ನು ಕೇಳಿದರೆ ಮುಗಿಯಿತು. ಏಳು ದಿನದ ಓಡಾಟವಿಲ್ಲ, 180 ದಿನದ ಆಯುಸ್ಸಿಲ್ಲ. ಸಾಫ್ಟ್‌ವೇರ್ ಅದೇ, ಕದಿಯುವವರ ಭಯವೂ ಅಷ್ಟೇ. ಯಂತ್ರದ ಬಿಡಿಭಾಗಗಳು ಗಣನೀಯವಾಗಿ ಬದಲಾದರೆ ಅದು ಮತ್ತೆ ಕೇಳುತ್ತದೆ, ಅಂದರೆ ಸಂಶಯಕ್ಕೆ ಕಾರಣ ಹುಟ್ಟಿದಾಗ.