ಕಸಾಯಿಖಾನೆಗೆ ಊರಿನ ದುಡ್ಡೇಕೆ?

ಬೆಳಗಾವಿ ಸೀಮೆಯಲ್ಲಿ ಬಾಗೇವಾಡಿ ಎಂದರೆ ಯಾವ ಬಾಗೇವಾಡಿ ಎಂಬ ಮರುಪ್ರಶ್ನೆ ಬರುತ್ತದೆ. ಬೆಳಗಾವಿ ತಾಲ್ಲೂಕಿನಲ್ಲಿ ಹಿರೇಬಾಗೇವಾಡಿ ಇದೆ. ಅತ್ತ ವಿಜಯಪುರ ಜಿಲ್ಲೆಯಲ್ಲಿ ಬಸವಣ್ಣನವರ ಹೆಸರಿನ ಬಸವನ ಬಾಗೇವಾಡಿ ಇದೆ. ಹುಕ್ಕೇರಿ ತಾಲ್ಲೂಕಿನದು ಬೆಲ್ಲದ ಬಾಗೇವಾಡಿ. ಹೆಸರಿನಲ್ಲೇ ಬೆಲ್ಲ, ಸುತ್ತಲೂ ಕಬ್ಬು. ಹುಕ್ಕೇರಿ, ಗೋಕಾಕ ಭಾಗದ ಕಬ್ಬಿನ ಹಿಂದೆ ಸರಕಾರದ ಹಣ ಎಷ್ಟು ಹರಿದಿದೆ ಎಂದು ಯಾರೂ ಲೆಕ್ಕ ಹಾಕುವುದಿಲ್ಲ. ಹಿಡಕಲ್ ಜಲಾಶಯ ಕಟ್ಟಿದ್ದು ಸಾರ್ವಜನಿಕ ಹಣದಿಂದ. ಸಹಕಾರಿ ಸಕ್ಕರೆ ಕಾರ್ಖಾನೆಗಳು ಸರಕಾರದ ಬೆಂಬಲದಿಂದ ಎದ್ದವು, ಕಬ್ಬಿನ ಬೆಲೆಯನ್ನೂ ಸರಕಾರವೇ ಗೊತ್ತು ಮಾಡುತ್ತದೆ. ಸಕ್ಕರೆ ಕಾಯಿಲೆಯವನ ತೆರಿಗೆಯನ್ನು ಇದಕ್ಕೇಕೆ ಬಳಸಿದಿರಿ ಎಂದು ಕೇಳಿದವರನ್ನು ನಾನಂತೂ ಕಂಡಿಲ್ಲ.

ಇದೇ ಸೀಮೆಯ ಇನ್ನೊಂದು ಬೆಳೆ ಕುರಿ. ಕುರುಬರ ಹಿಂಡುಗಳು, ಕಂಬಳಿಗೆ ಉಣ್ಣೆ ಕೊಡುವ ಡೆಕ್ಕನಿ ಕುರಿ, ಬಡವರ ಮನೆ ಮುಂದಿನ ಎರಡು ಮೂರು ಆಡು. ಕಬ್ಬು ಕಾರ್ಖಾನೆಗೆ ಹೋಗುತ್ತದೆ. ಕುರಿ ಎಲ್ಲಿಗೆ ಹೋಗುತ್ತದೆ? ಭಾನುವಾರ ಬೆಳಿಗ್ಗೆ ನಮ್ಮ ಉತ್ತರ ಕರ್ನಾಟಕದ ಎಷ್ಟೋ ಸಣ್ಣ ಊರುಗಳ ಪೇಟೆಯಲ್ಲಿ ಒಂದೇ ನೋಟ. ಮಟನ್ ಅಂಗಡಿಯ ಪಕ್ಕದ ಸಂದಿಯಲ್ಲಿ ಕಟ್ಟಿದ ಆಡುಗಳು. ಒಂದರ ಕಣ್ಣೆದುರೇ ಇನ್ನೊಂದರ ಕುತ್ತಿಗೆಗೆ ಕತ್ತಿ. ರಕ್ತ ಗಟಾರಕ್ಕೆ, ಕರುಳಿನ ಕಸ ನಾಯಿಗಳಿಗೆ. ಪ್ರಾಣಿಗೆ ರೋಗವಿತ್ತೇ, ಅದು ಗಬ್ಬವಾಗಿತ್ತೇ ಎಂದು ನೋಡಿದವರು ಯಾರೂ ಇಲ್ಲ.

ಇಂಥಲ್ಲಿ ಸರಕಾರದ ಹಣದಿಂದ ಒಂದು ಸಣ್ಣ, ಸ್ವಚ್ಛ ವಧಾಲಯ ಕಟ್ಟಿ ಎಂದರೆ ತಕ್ಷಣ ಎದುರಾಗುವ ಆಕ್ಷೇಪ ನೈತಿಕವಾದದ್ದು. ಬೆಳಗಾವಿ ಜೈನರು, ಲಿಂಗಾಯತರು ದೊಡ್ಡ ಸಂಖ್ಯೆಯಲ್ಲಿರುವ ಜಿಲ್ಲೆ. ಜೀವಹಿಂಸೆಯನ್ನೇ ಪಾಪವೆಂದು ನಂಬಿದವನ ತೆರಿಗೆಯಿಂದ ಕತ್ತಿ ಕೊಂಡರೆ ಅವನನ್ನೂ ಆ ಪಾಪದಲ್ಲಿ ಪಾಲುದಾರನನ್ನಾಗಿ ಮಾಡಿದಂತಲ್ಲವೇ? ಈ ಪ್ರಶ್ನೆಯನ್ನು ರಾಜಕೀಯವೆಂದು ತಳ್ಳಿಹಾಕುವುದು ಸುಲಭ. ರಾಜಕೀಯ ಅದರಲ್ಲಿ ಬೆರೆತಿರುವುದೂ ನಿಜ. ಆದರೆ ಪ್ರಾಮಾಣಿಕವಾಗಿ ಹೀಗೆ ಕೇಳುವವರು ನಮ್ಮ ನೆರೆಹೊರೆಯಲ್ಲೇ ಇದ್ದಾರೆ. ಅವರಿಗೆ ಉತ್ತರ ಕೊಡಬೇಕು.

ಒಬ್ಬ ಮುಸ್ಲಿಮನಾಗಿ ನನಗೆ ಈ ಸಂಕಟ ಅಪರಿಚಿತವಲ್ಲ. ಮದ್ಯ ನನಗೆ ಹರಾಮ್. ಕುಡಿಯುವುದಷ್ಟೇ ಅಲ್ಲ, ಮಾರುವುದು, ಹೊತ್ತು ಸಾಗಿಸುವುದೂ ನಿಷಿದ್ಧ. ಆದರೆ ನಾನು ತೆರಿಗೆ ಕಟ್ಟುವ ರಾಜ್ಯವೇ ಮದ್ಯದ ಸಗಟು ವ್ಯಾಪಾರಿ. 2003ರಲ್ಲಿ ಅದಕ್ಕೆಂದೇ ಕರ್ನಾಟಕ ರಾಜ್ಯ ಪಾನೀಯ ನಿಗಮ ಹುಟ್ಟಿತು. ಅಬಕಾರಿಯಿಂದ ವರ್ಷಕ್ಕೆ 30,000 ಕೋಟಿ ರೂಪಾಯಿಗೂ ಹೆಚ್ಚು ಬೊಕ್ಕಸಕ್ಕೆ ಬರುತ್ತದೆ. ಆ ಬೊಕ್ಕಸದಿಂದಲೇ ನನ್ನ ಊರಿನ ಶಾಲೆ, ರಸ್ತೆ, ಆಸ್ಪತ್ರೆ. ಮದ್ಯದಂಗಡಿಯ ವಿರುದ್ಧ ನಾನು ಬರೆಯಬಹುದು, ಮತ ಹಾಕಬಹುದು. ಆದರೆ ಕಳ್ಳಭಟ್ಟಿಯಲ್ಲಿ ವಿಷವಿದೆಯೇ ಎಂದು ಪರೀಕ್ಷಿಸುವ ಸರಕಾರಿ ಪ್ರಯೋಗಾಲಯಕ್ಕೆ ನನ್ನ ತೆರಿಗೆ ಕೊಡಲಾರೆ ಎಂದು ಹೇಳಲಾರೆ. ಕುಡಿಯುವವನು ತಪ್ಪು ಮಾಡುತ್ತಿದ್ದಾನೆ ಎಂಬ ಕಾರಣಕ್ಕೆ ಅವನು ವಿಷ ಕುಡಿದು ಸಾಯಲಿ ಎನ್ನುವ ಹಕ್ಕು ನನಗಿಲ್ಲ.

ವಧಾಲಯದ ಹಣವೂ ಹೀಗೆಯೇ. ಅದು ಬರದಿದ್ದರೆ ವಧೆ ನಿಲ್ಲುವುದಿಲ್ಲ, ಅದೇ ಸಂದಿಯಲ್ಲಿ ನಡೆಯುತ್ತದೆ. 2014ರ ಸರಕಾರಿ ಸಮೀಕ್ಷೆಯೊಂದರ ಪ್ರಕಾರ ಕರ್ನಾಟಕದಲ್ಲಿ ಐವರಲ್ಲಿ ಸುಮಾರು ನಾಲ್ವರು ಮಾಂಸ ತಿನ್ನುವವರು. ಅಂಗಡಿಯವರಲ್ಲೂ ನಮ್ಮ ಕಸಾಬರಷ್ಟೇ ಅಲ್ಲ, ಹಿಂದೂ ಖಾಟಿಕರೂ ತಲೆತಲಾಂತರದಿಂದ ಇದ್ದಾರೆ. ಹಾಗಿರುವಾಗ ಸಾರ್ವಜನಿಕ ಹಣ ಬದಲಾಯಿಸುವುದು ಎಷ್ಟು ಪ್ರಾಣಿ ಸಾಯುತ್ತದೆ ಎಂಬುದನ್ನಲ್ಲ, ಪ್ರಾಣಿ ಹೇಗೆ ಸಾಯುತ್ತದೆ ಮತ್ತು ಆಮೇಲೆ ಅದರ ಕಸ ಎಲ್ಲಿಗೆ ಹೋಗುತ್ತದೆ ಎಂಬುದನ್ನು.

ಆ ಕಸದ ದಾರಿಯನ್ನು ಸ್ವಲ್ಪ ಹಿಂಬಾಲಿಸೋಣ. ಕುರಿಯ ಪಿತ್ತಜನಕಾಂಗದಲ್ಲೋ ಶ್ವಾಸಕೋಶದಲ್ಲೋ ಕೆಲವೊಮ್ಮೆ ನೀರುಗುಳ್ಳೆಗಳಿರುತ್ತವೆ. ವೈದ್ಯರು ಇದನ್ನು ಹೈಡಾಟಿಡ್ ಎನ್ನುತ್ತಾರೆ. ಕಟುಗ ಆ ಭಾಗವನ್ನು ಕತ್ತರಿಸಿ ಎಸೆಯುತ್ತಾನೆ, ಬೀದಿನಾಯಿ ತಿನ್ನುತ್ತದೆ. ನಾಯಿಯ ಹೊಟ್ಟೆಯಲ್ಲಿ ಅದು ಹುಳುವಾಗುತ್ತದೆ. ಹುಳುವಿನ ಮೊಟ್ಟೆ ನಾಯಿಯ ಮಲದ ಜೊತೆ ಹೊಲದ ಸೊಪ್ಪಿಗೆ, ನೀರಿಗೆ, ಮಕ್ಕಳ ಕೈಗೆ ಅಂಟುತ್ತದೆ. ವರ್ಷಗಳ ನಂತರ ಮನುಷ್ಯನ ಪಿತ್ತಜನಕಾಂಗದಲ್ಲಿ ಅಂಥದ್ದೇ ಗುಳ್ಳೆ ಕಾಣಿಸಿಕೊಂಡು ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು. ಆ ಮನುಷ್ಯ ಜೀವಮಾನದಲ್ಲಿ ಮಾಂಸ ಮುಟ್ಟದ ಕೊತ್ತಂಬರಿ ಸೊಪ್ಪಿನ ಗಿರಾಕಿಯೂ ಆಗಿರಬಹುದು. ಕುರಿಯ ಕರುಳು ನಾಯಿಯ ಬಾಯಿಗೆ ಬೀಳದಂತೆ ಒಂದು ಮುಚ್ಚಿದ ಗುಂಡಿ ಮತ್ತು ಒಬ್ಬ ಪಶುವೈದ್ಯನ ಕಣ್ಣು ಇದ್ದರೆ ಈ ಸರಪಳಿ ಕಡಿಯುತ್ತದೆ. ಆ ಗುಂಡಿಗೆ ಖರ್ಚು ಮಾಡುವ ದುಡ್ಡು ಮಾಂಸಾಹಾರಿಗೆ ಕೊಟ್ಟ ಸಬ್ಸಿಡಿಯೇ?

ಆಳುವವರಿಗೆ ಇದು ಹೊಸ ಜವಾಬ್ದಾರಿಯೂ ಅಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕಸಾಯಿಖಾನೆಯನ್ನು ನೋಡಿಕೊಳ್ಳಲು ಸೂನಾಧ್ಯಕ್ಷನೆಂಬ ಅಧಿಕಾರಿಯಿದ್ದಾನೆ. ಇಸ್ಲಾಮೀ ನಗರಗಳಲ್ಲಿ ಪೇಟೆಯ ಮೇಲ್ವಿಚಾರಕ ಮುಹ್ತಸಿಬ್ ಇದ್ದ. 12ನೇ ಶತಮಾನದ ಸಿರಿಯಾದಲ್ಲಿ ಅಲ್ ಶೈಝರಿ ಅವನಿಗಾಗಿ ಬರೆದ ಕೈಪಿಡಿಯಲ್ಲಿ ಕಟುಗರ ಅಧ್ಯಾಯವೇ ಇದೆ. ಅಂಗಡಿಯ ಬಾಗಿಲಲ್ಲಿ ಪ್ರಾಣಿ ಕೊಯ್ಯಲು ಬಿಡಬಾರದು, ದಾರಿ ರಕ್ತ ಸಗಣಿಗಳಿಂದ ಹೊಲಸಾಗುತ್ತದೆ, ವಧೆ ವಧಾಲಯದಲ್ಲೇ ಆಗಬೇಕು ಎಂಬುದು ಅದರ ತಾತ್ಪರ್ಯ. ಎಂಟುನೂರು ವರ್ಷಗಳ ಹಿಂದಿನ ಆ ಮುಹ್ತಸಿಬ್ ಇಂದು ನಮ್ಮ ಪೇಟೆಗೆ ಬಂದರೆ ಮೊದಲು ದಂಡ ಬೀಳುವುದು ನಮ್ಮವರಿಗೇ.

ನಮ್ಮ ಕಾನೂನು ಏನು ಹೇಳುತ್ತದೆ? ಸಂವಿಧಾನದ 74ನೇ ತಿದ್ದುಪಡಿಯಿಂದ ಬಂದ 12ನೇ ಅನುಸೂಚಿಯ 18ನೇ ಬಾಬ್ತು ವಧಾಲಯಗಳ ನಿಯಂತ್ರಣವನ್ನು ನಗರ ಸ್ಥಳೀಯ ಸಂಸ್ಥೆಗಳ ವಿಷಯವಾಗಿಸಿತು. ಪಂಚಾಯತಿಗಳ 11ನೇ ಅನುಸೂಚಿಯ 29 ಬಾಬ್ತುಗಳಲ್ಲಿ ಪಶುಪಾಲನೆ ಇದೆ, ಸಂತೆ ಜಾತ್ರೆ ಇದೆ, ಆರೋಗ್ಯ ನೈರ್ಮಲ್ಯ ಇದೆ, ವಧಾಲಯವಿಲ್ಲ. 2001ರ ಕೇಂದ್ರ ನಿಯಮಗಳು ಪ್ರಾಣಿಗೆ ವಿಶ್ರಾಂತಿ ಕೊಡಬೇಕು, ಗಬ್ಬದ ಪ್ರಾಣಿಯನ್ನು ಕೊಯ್ಯಬಾರದು, ಒಂದು ಪ್ರಾಣಿಯ ಎದುರು ಇನ್ನೊಂದನ್ನು ಕೊಯ್ಯಬಾರದು, ಒಬ್ಬ ಪಶುವೈದ್ಯ ಗಂಟೆಗೆ 12, ದಿನಕ್ಕೆ 96ಕ್ಕಿಂತ ಹೆಚ್ಚು ಪ್ರಾಣಿಗಳನ್ನು ಪರೀಕ್ಷಿಸಬಾರದು ಎಂದವು. ಎಲ್ಲವೂ ಒಳ್ಳೆಯ ಮಾತೇ. ಆದರೆ ದಿನಕ್ಕೆ 10 ಅಥವಾ ಹೆಚ್ಚು ಪ್ರಾಣಿ ಕೊಯ್ಯುವ ಜಾಗವನ್ನಷ್ಟೇ ಅವು ವಧಾಲಯವೆಂದು ಕರೆದವು. ದಿನಕ್ಕೆ ಎರಡು, ಭಾನುವಾರ ಐದು ಕುರಿ ಕೊಯ್ಯುವ ದೊಡ್ಡ ಹಳ್ಳಿಯ ಅಂಗಡಿಗೆ 2011ರ ಆಹಾರ ಸುರಕ್ಷತೆ ನಿಯಮಾವಳಿ ಬರೀ ನೋಂದಣಿ ಸಾಕೆಂದಿತು. ಊರಿಗೆ ಮಾಂಸ ಬೇಕು, ಕುರಿಗಾರನಿಗೆ ಗಿರಾಕಿ ಬೇಕು, ವಧೆಗೆ ಮಾತ್ರ ವಿಳಾಸವಿಲ್ಲ.

ವಿಳಾಸ ಕೊಡದಿರುವುದು ಯಾರ ತಪ್ಪು ಎಂಬ ಪ್ರಶ್ನೆ 2017ರಲ್ಲಿ ಉತ್ತರ ಪ್ರದೇಶದಲ್ಲಿ ಎದ್ದಿತು. ಪರವಾನಗಿ ಇಲ್ಲವೆಂದು ಅಲ್ಲಿ ಕಸಾಯಿಖಾನೆ, ಮಾಂಸದಂಗಡಿಗಳನ್ನು ಸಾಲುಸಾಲಾಗಿ ಮುಚ್ಚಿಸಿದಾಗ ಸಣ್ಣ ವ್ಯಾಪಾರಿಗಳು ಅಲಹಾಬಾದ್ ಹೈಕೋರ್ಟಿನ ಲಖನೌ ಪೀಠಕ್ಕೆ ಹೋದರು. ಆಹಾರದ ಆಯ್ಕೆ ಜೀವಿಸುವ ಹಕ್ಕಿಗೆ ಸೇರಿದ್ದು, ಸೌಕರ್ಯ ಒದಗಿಸುವ ಹೊಣೆಯನ್ನು ಸರಕಾರ ಮತ್ತು ಸ್ಥಳೀಯ ಸಂಸ್ಥೆಗಳು ಕೈಬಿಡುವಂತಿಲ್ಲ ಎಂಬ ನಿಲುವನ್ನು ನ್ಯಾಯಾಲಯ ತಳೆಯಿತು.

ಕರ್ನಾಟಕದಲ್ಲಿ 2018ರಲ್ಲಿ ಮಂಗಳೂರಿನ ಕುದ್ರೋಳಿ ಕಸಾಯಿಖಾನೆಯ ಸುಧಾರಣೆಗೆ ಸ್ಮಾರ್ಟ್ ಸಿಟಿ ಯೋಜನೆಯಿಂದ 15 ಕೋಟಿ ರೂಪಾಯಿಯ ಪ್ರಸ್ತಾಪ ಬಂತು. ಆಗ ನಗರಾಭಿವೃದ್ಧಿ ಸಚಿವರಾಗಿದ್ದವರು ಯು.ಟಿ. ಖಾದರ್. ಮರುದಿನದಿಂದ ಚರ್ಚೆ ಚರಂಡಿ, ನೀರು, ಪ್ರಾಣಿಯ ನೋವುಗಳ ಬಗ್ಗೆ ಆಗಲೇ ಇಲ್ಲ. ಸಚಿವರ ಧರ್ಮವೇ ವಿಷಯವಾಯಿತು. ವಿರೋಧಿಸಿದವರು ಅದನ್ನು ಮುಸ್ಲಿಮರಿಗೆ ಕೊಟ್ಟ ಉಡುಗೊರೆ ಎಂದರು. ಇಷ್ಟೇ ಆದರೆ ಬೇಸರವಿರಲಿಲ್ಲ. ನಮ್ಮಲ್ಲೂ ಹಲವರು ಉಡುಗೊರೆ ಸಿಕ್ಕಿತೆಂಬಂತೆಯೇ ಮಾತಾಡಿದರು. ನೆರೆಯ ಗೋವಾವನ್ನು ನೋಡಿ. ಅಲ್ಲಿ ಉಸಗಾಂವದ ಗೋವಾ ಮೀಟ್ ಕಾಂಪ್ಲೆಕ್ಸ್ ಸರಕಾರದ್ದೇ ಸಂಸ್ಥೆ. ಕರ್ನಾಟಕದ ಜಾನುವಾರು ಹತ್ಯೆ ನಿಷೇಧ ಕಾನೂನು 2021ರ ಜನವರಿಯಲ್ಲಿ ಜಾರಿಗೆ ಬಂದು ಬೆಳಗಾವಿ ದಾರಿಯ ಪೂರೈಕೆ ನಿಂತಾಗ ಮಾಂಸದ ಕೊರತೆ ನೀಗಿಸುವ ಭರವಸೆ ಕೊಟ್ಟದ್ದು ಗೋವಾದ ಮುಖ್ಯಮಂತ್ರಿ. ಆಗ ಎರಡೂ ರಾಜ್ಯಗಳಲ್ಲಿ ಒಂದೇ ಪಕ್ಷದ ಸರಕಾರ. ಘಟ್ಟದ ಮೇಲೆ ಪಾಪವಾದದ್ದು ಘಟ್ಟ ಇಳಿದರೆ ಪಡಿತರದ ಚಿಂತೆಯಾಗುತ್ತದೆ! ಗೋಹತ್ಯೆಯ ವಾದಕ್ಕೆ ನಾನಿಲ್ಲಿ ಇಳಿಯುವುದಿಲ್ಲ, ಕುರಿ ಆಡುಗಳ ಮಟ್ಟಿಗೇ ಮಾತಾಡುತ್ತಿದ್ದೇನೆ.

ನಮ್ಮೊಳಗಿನ ಮಾತನ್ನೂ ಆಡಬೇಕು. ಕುರ್‌ಆನ್ ಆಹಾರದ ಬಗ್ಗೆ ಹೇಳುವಾಗ ಹಲಾಲ್ ಜೊತೆಗೆ ತಯ್ಯಿಬ್ ಎಂಬ ಪದವನ್ನೂ ಇಟ್ಟಿದೆ: ಶುದ್ಧವಾದದ್ದು, ಒಳ್ಳೆಯದು. ನಾವು ಮೊದಲ ಪದವನ್ನು ಅಂಗಡಿಯ ಬೋರ್ಡಿನ ಮೇಲೆ ಬರೆಸಿ ಎರಡನೆಯದನ್ನು ಮರೆತೆವು. ಪ್ರಾಣಿ ಕೊಯ್ಯುವಾಗಲೂ ಇಹ್ಸಾನ್ ಇರಬೇಕು, ಕತ್ತಿ ಹರಿತವಾಗಿರಬೇಕು, ಪ್ರಾಣಿಗೆ ನೆಮ್ಮದಿ ಕೊಡಬೇಕು ಎಂಬುದು ಪ್ರವಾದಿಯವರ(ಸ) ಬೋಧನೆ. ಪ್ರಾಣಿಯ ಕಣ್ಣೆದುರು ಕತ್ತಿ ಮಸೆಯುವುದನ್ನೂ ಅವರು ಆಕ್ಷೇಪಿಸಿದ್ದರು. 2001ರ ನಿಯಮ ಅದನ್ನೇ ಸರಕಾರಿ ಭಾಷೆಯಲ್ಲಿ ಹೇಳಿತು. ಹಾಗಾದರೆ ಆ ಸಂದಿಯಲ್ಲಿ ನಾವು ಮುರಿಯುತ್ತಿರುವುದು ಯಾವ ಕಾನೂನನ್ನು? ಬಕ್ರೀದ್ ಮರುದಿನ ಗಟಾರಗಳನ್ನು ನೋಡಿದರೆ ಈ ಪ್ರಶ್ನೆ ಇನ್ನೂ ಚುಚ್ಚುತ್ತದೆ. ಹಕ್ಕು ಕೇಳುವ ಮನವಿಪತ್ರದಲ್ಲಿ ಪ್ರಾಣಿಯ ಹಕ್ಕಿನ ಬಗ್ಗೆ ಒಂದು ಸಾಲಾದರೂ ಇದ್ದರೆ ಜೈನ ನೆರೆಯವನೂ ಅದನ್ನು ಬೇರೆ ರೀತಿ ಓದಿಯಾನು.

ಆ ನೆರೆಯವನ ಇನ್ನೊಂದು ಅನುಮಾನ ನನಗೂ ಸರಿಯೆನಿಸುತ್ತದೆ. ಹಣ ಬಂದರೆ ಯಂತ್ರ ಬರುತ್ತದೆ, ಯಂತ್ರಕ್ಕೆ ಹೊಟ್ಟೆ ದೊಡ್ಡದು. ಹಳೆಯ ಮೇದಕ್ ಜಿಲ್ಲೆಯ ರುದ್ರಾರಂನಲ್ಲಿ ಅಲ್ ಕಬೀರ್ ರಫ್ತು ಕಸಾಯಿಖಾನೆ ಬಂದಾಗ ಸೀಮೆಯ ಜಾನುವಾರು ಬರಿದಾಗುತ್ತದೆಂಬ ವಾದ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ರಫ್ತಿನ ಲಾಭಕ್ಕೆ ಊರಿನ ದುಡ್ಡು ಬೇಡ. ನಾನು ಕೇಳುತ್ತಿರುವುದು ಊರು ತಿನ್ನುವಷ್ಟಕ್ಕೆ ಮಾತ್ರ. ಮುಸ್ಲಿಮರ ಭಯ ಬೇರೆಯೇ ಇದೆ: ಸರಕಾರ ಕಟ್ಟಿದ್ದನ್ನು ಸರಕಾರ ಮುಚ್ಚಲೂಬಹುದು. ಅಹಮದಾಬಾದಿನಲ್ಲಿ ಪರ್ಯೂಷಣದ ಒಂಬತ್ತು ದಿನ ಪಾಲಿಕೆಯ ಕಸಾಯಿಖಾನೆ ಮುಚ್ಚಿದ್ದನ್ನು 2008ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಒಂಬತ್ತು ದಿನವನ್ನು ನೆರೆಯವನ ಗೌರವಕ್ಕೆಂದು ಬಿಟ್ಟುಕೊಡಲು ನನಗೆ ಅಡ್ಡಿಯಿಲ್ಲ. ಆದರೆ ಕೀಲಿಕೈ ಪೂರ್ತಿ ಒಬ್ಬರ ಕೈಯಲ್ಲಿರಬಾರದು.

ಇದಕ್ಕೆ ದಾರಿ ಹುಕ್ಕೇರಿ ತಾಲ್ಲೂಕಿನಲ್ಲೇ ಇದೆ. ಕರ್ನಾಟಕದ ಬೇರೆಲ್ಲ ಕಡೆ ಸರಕಾರಿ ಕಂಪನಿಗಳು ಮನೆಗೆ ಕರೆಂಟು ಕೊಟ್ಟರೆ, ಹುಕ್ಕೇರಿಯಲ್ಲಿ 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಆ ಕೆಲಸ ಮಾಡುತ್ತಾ ಬಂದಿದೆ. ಕರೆಂಟನ್ನೇ ಸಹಕಾರದಿಂದ ಹಂಚಿದ ಜನಕ್ಕೆ ಒಂದು ವಧಾಲಯ ನಡೆಸುವುದು ಕಷ್ಟವೇ? ಕುರಿ ಸಾಕುವವರು, ಖಾಟಿಕರು, ಕಸಾಬರು ಸದಸ್ಯರಾಗಲಿ. ಕಟ್ಟಡ, ನೀರು, ಕಸದ ಗುಂಡಿಗೆ ಸರಕಾರ ಹಣ ಕೊಡಲಿ. ದಿನದ ಖರ್ಚು ಪ್ರಾಣಿಗಿಷ್ಟು ಎಂದು ಕಟ್ಟಿಸಿಕೊಂಡ ಶುಲ್ಕದಿಂದ ಬರಲಿ. ಆಗ ತಿನ್ನುವವನೇ ಹೆಚ್ಚು ಪಾಲು ಹೊತ್ತಂತಾಗುತ್ತದೆ. ಶಾಲೆಯಲ್ಲಿ ಮೊಟ್ಟೆ ತಿನ್ನದ ಮಗುವಿಗೆ ಬಾಳೆಹಣ್ಣು ಇಟ್ಟು ಆ ಜಗಳವನ್ನು ನಾವೇ ಬಗೆಹರಿಸಿಕೊಂಡಿಲ್ಲವೇ? ಇಲ್ಲಿಯೂ ಬಸದಿ, ಮಠಗಳಿಂದ ದೂರದ ಜಾಗ ಹುಡುಕಿ, ಎತ್ತರದ ಗೋಡೆ ಕಟ್ಟಿ.

ಕೋಟಿಗಟ್ಟಲೆ ರೂಪಾಯಿ ಬೇಕಿಲ್ಲ. ಮೊದಲ ವರ್ಷಕ್ಕೆ ತೊಳೆಯಲು ಬರುವ ನೆಲದ ಒಂದು ಶೆಡ್ಡು, ಪ್ರಾಣಿಗಳು ಕಾಯಲು ನೆರಳಿನ ಬೇರೆ ಜಾಗ ಮತ್ತು ನೀರಿನ ತೊಟ್ಟಿ, ರಕ್ತಕ್ಕೆ ಪ್ರತ್ಯೇಕ ಗುಂಡಿ, ನಾಯಿ ನುಗ್ಗದ ಬಾಗಿಲು. ಸಂತೆಯ ದಿನ ಮತ್ತು ಭಾನುವಾರ ಬೆಳಿಗ್ಗೆ ಐದು ಗಂಟೆಗೆ ಬರಲು ಒಪ್ಪುವ ಒಬ್ಬ ಪಶುವೈದ್ಯ.