ಹಿಂದೆ ನಿಂತ ಗುರು

‘ಮುಂದೆ ಗುರಿ ಇರಬೇಕು, ಹಿಂದೆ ಗುರು ಇರಬೇಕು’ ಎಂಬ ಗಾದೆಯನ್ನು ಶಾಲೆಯ ಗೋಡೆಗಳ ಮೇಲೂ ಬೀಳ್ಕೊಡುಗೆಯ ಭಾಷಣಗಳಲ್ಲೂ ಎಷ್ಟು ಕಂಡು ಕೇಳಿದ್ದೇವೆಂದರೆ, ಅದರೊಳಗಿನ ಒಂದು ವಿಶೇಷ ನಮ್ಮ ಗಮನಕ್ಕೇ ಬರುವುದಿಲ್ಲ. ದಾರಿ ತೋರುವವರು ಮುಂದೆ ನಡೆಯಬೇಕಲ್ಲವೆ? ಗಾದೆ ಗುರುವನ್ನು ಹಿಂದೆ ನಿಲ್ಲಿಸಿದೆ. ಗುರಿ ಶಿಷ್ಯನ ಕಣ್ಣಿಗೇ ಕಾಣುತ್ತದೆ. ಕಾಣದಿರುವುದು ಅವನದೇ ನಡಿಗೆ. ಅದನ್ನು ನೋಡಲು ಹಿಂದೊಬ್ಬರು ಬೇಕು. ಗುರು ಮಾಡಿ ತೋರಿಸುತ್ತಾರೆ, ನಿಜ. ಆದರೆ ನಾವು ಮಾಡುವುದನ್ನು ನೋಡಿ ತಿದ್ದುವುದೇ ಅವರ ದೊಡ್ಡ ಕೆಲಸ ಎಂದು ನಾನು ಈ ಮಾತನ್ನು ಅರ್ಥ ಮಾಡಿಕೊಳ್ಳುತ್ತೇನೆ. ತೋರಿಸುವ ಕೆಲಸವನ್ನು ಈಗ ಫೋನೂ ಮಾಡುತ್ತದೆ. ತಿದ್ದಿಸಿಕೊಳ್ಳಲು ಮಾತ್ರ ಗುರುವಿನ ಎದುರು ಕೂರಲೇಬೇಕು.

ಧಾರವಾಡ ಸೀಮೆಯ ಹಿಂದೂಸ್ತಾನಿ ಸಂಗೀತ ಇದಕ್ಕೆ ಸಾಕ್ಷಿ. 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿಯವರಿಗೆ ಬಾಲ್ಯದಲ್ಲಿ ಹಾಡಿನ ಹುಚ್ಚು ಹಿಡಿಸಿದ್ದು ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ರೆಕಾರ್ಡು. ಅದನ್ನು ಎಷ್ಟು ಸಲ ಬೇಕಾದರೂ ಕೇಳಬಹುದಿತ್ತು. ಆದರೂ ಹುಡುಗ ಗದಗಿನ ಮನೆ ಬಿಟ್ಟು ಗ್ವಾಲಿಯರ್, ಜಲಂಧರ್ ಎಂದು ಗುರುವಿಗಾಗಿ ಅಲೆದ. ಕೊನೆಗೆ ಗುರು ಸಿಕ್ಕಿದ್ದು ತನ್ನ ಸೀಮೆಯ ಕುಂದಗೋಳದಲ್ಲೇ, ಅದೇ ಖಾನರ ಶಿಷ್ಯ ಸವಾಯಿ ಗಂಧರ್ವರ ರೂಪದಲ್ಲಿ. ಕುಮಾರ ಗಂಧರ್ವರದು ಇನ್ನೂ ಗಟ್ಟಿಯಾದ ಉದಾಹರಣೆ. ಬೆಳಗಾವಿ ಬಳಿಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಅವರು ಹಸುಳೆಯಾಗಿದ್ದಾಗಲೇ ದೊಡ್ಡ ಗವಾಯಿಗಳ ರೆಕಾರ್ಡುಗಳನ್ನು ಯಥಾವತ್ತಾಗಿ ಹಾಡಿ ಸಭೆಗಳನ್ನು ಬೆರಗುಗೊಳಿಸುತ್ತಿದ್ದರು. ಅನುಕರಣೆ ಅಷ್ಟು ಕರಗತವಾಗಿದ್ದ ಆ ಹುಡುಗನೂ ಮುಂಬಯಿಯಲ್ಲಿ ಬಿ.ಆರ್. ದೇವಧರರ ಶಿಷ್ಯನಾಗಬೇಕಾಯಿತು.

ರೆಕಾರ್ಡಿಗೆ ಆಗದ್ದು ಗುರುವಿಗೆ ಆಗುವುದು ಹೇಗೆ? ತೋಡಿ ಮತ್ತು ಮುಲ್ತಾನಿ ರಾಗಗಳನ್ನು ನೋಡಿ. ಎರಡಕ್ಕೂ ಅವೇ ಸ್ವರಗಳು: ರಿಷಭ, ಗಾಂಧಾರ, ಧೈವತ ಕೋಮಲ; ಮಧ್ಯಮ ತೀವ್ರ. ತೋಡಿ ಬೆಳಗಿನದು, ಮುಲ್ತಾನಿ ಮಧ್ಯಾಹ್ನ ಇಳಿದ ಮೇಲಿನದು. ಮುಲ್ತಾನಿ ಹಾಡುವಾಗ ರಿಷಭದ ಮೇಲೆ ಕೊಂಚ ಹೆಚ್ಚು ನಿಂತರೆ ಸಾಕು, ತೋಡಿಯ ನೆರಳು ಬೀಳುತ್ತದೆ. ಹಾಡುತ್ತಿರುವವನಿಗೆ ಅದು ತಿಳಿಯುವುದಿಲ್ಲ, ತನ್ನ ದನಿ ತನಗೆ ಸರಿಯಾಗಿಯೇ ಕೇಳುತ್ತಿರುತ್ತದೆ. ರೆಕಾರ್ಡು ತನ್ನ ಪಾಡಿಗೆ ಮುಂದೆ ಹೋಗುತ್ತದೆ. ಎದುರು ಕೂತ ಗುರು ಅಲ್ಲೇ ಕೈಯೆತ್ತಿ ನಿಲ್ಲಿಸುತ್ತಾರೆ. ಉಸಿರೆಳೆದಾಗ ಹೆಗಲೇರುವುದು, ತಾರಕ್ಕೆ ಹೋದಾಗ ದವಡೆ ಬಿಗಿಯುವುದು ಅವರ ಕಣ್ಣಿಗೆ ಬೀಳುತ್ತದೆ. ಇದಕ್ಕಿಂತ ಮುಖ್ಯವಾದದ್ದು, ಯಾರ ಕಂಠ ಎಂಥದೆಂದು ಅರಿತು ಕಲಿಸುವುದು. ಭೀಮಸೇನರ ಮೊಳಗು, ಗಂಗೂಬಾಯಿ ಹಾನಗಲ್ಲರ ಗಡುಸಾದ ಮಂದ್ರ ದನಿ, ಅಬ್ದುಲ್ ಕರೀಂ ಖಾನರ ಮಾಧುರ್ಯವನ್ನೇ ನೆಚ್ಚಿದ ಫಿರೋಜ್ ದಸ್ತೂರ್: ಮೂವರೂ ಸವಾಯಿ ಗಂಧರ್ವರ ಶಿಷ್ಯರು, ಮೂವರ ಹಾಡೂ ಬೇರೆ. ರೆಕಾರ್ಡನ್ನಷ್ಟೇ ನಂಬಿದ್ದರೆ ಮೂರು ನಕಲುಗಳಾಗುತ್ತಿದ್ದವು.

ಗುರುಕುಲದ ಗುಣಗಾನ ಮಾಡುವಾಗ ಅದರ ಕಷ್ಟವನ್ನು ಮುಚ್ಚಿಡುತ್ತೇವೆ ಎಂಬ ಆಕ್ಷೇಪವಿದೆ. ಅದು ನ್ಯಾಯವಾದದ್ದೇ. ನೀರು ಹೊತ್ತು ಸೇವೆ ಮಾಡಿದರೂ ಪಾಠ ಸಿಗುವುದು ಗುರುವಿನ ಮರ್ಜಿಗೆ ಬಿಟ್ಟದ್ದಾಗಿತ್ತು. ಜಾತಿ ನೋಡಿ ಬಾಗಿಲು ಮುಚ್ಚಿದವರೂ ಇದ್ದರು. ಆದರೆ ಈ ದಬ್ಬಾಳಿಕೆ ಎದುರು ಕೂತು ಕಲಿಯುವುದಕ್ಕೆ ಅಂಟಿಯೇ ಇರಬೇಕೆಂದಿಲ್ಲ. ಗಂಗೂಬಾಯಿ ಗುರುವಿನ ಮನೆಯಲ್ಲಿ ಉಳಿಯಲಿಲ್ಲ. ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ, ಪಾಠ ಮುಗಿಸಿ ತಮ್ಮ ಸಂಸಾರಕ್ಕೆ ಮರಳುತ್ತಿದ್ದರು. ಅವರ ವಿದ್ಯೆಗೇನೂ ಕೊರತೆಯಾಗಲಿಲ್ಲ. ಇನ್ನು, ದೊಡ್ಡ ಗುರು ಸಿಗುವುದು ಕೆಲವೇ ಭಾಗ್ಯವಂತರಿಗೆ ಎನ್ನುವವರು ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆಯಬೇಕು. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು, ಇಬ್ಬರೂ ಅಂಧರು, ಅಂಧ ಮತ್ತು ಬಡ ಮಕ್ಕಳಿಗೆ ಅನ್ನ ಹಾಕಿ ಕಲಿಸಿದರು. ನೋಡಿ ಕಲಿಯುವ ಮಾತೇ ಇಲ್ಲದ ಆ ಮಕ್ಕಳಿಗೆ ತಬಲಾದ ಮೇಲೆ ಬೆರಳು ಎಲ್ಲಿ ಬೀಳಬೇಕೆಂದು ಕಲಿಸಲು ಅವರ ಕೈಹಿಡಿದೇ ಹೇಳಿಕೊಡಬೇಕು.

ವಿದೇಶದ ಕನ್ನಡ ಮಕ್ಕಳು ವಿಡಿಯೊ ಕರೆಯಲ್ಲಿ ಸಂಗೀತ ಕಲಿಯುತ್ತಾರೆ; ಇದು ಬೇಡವೆನ್ನುವ ಮಾತು ನನ್ನದಲ್ಲ, ಅಲ್ಲಿಯೂ ಒಬ್ಬರು ಕೇಳಿ ತಿದ್ದುತ್ತಾರೆ. ಆದರೆ ದನಿ ತಡವಾಗಿ ತಲುಪುವುದರಿಂದ ಗುರುಶಿಷ್ಯರು ಕೂಡಿ ಹಾಡಲಾಗುವುದಿಲ್ಲ. ಗದ್ದಲ ತಗ್ಗಿಸುವ ತಂತ್ರಾಂಶ ತಂಬೂರಿಯ ಎಡೆಬಿಡದ ನಾದವನ್ನೂ ಗದ್ದಲವೆಂದೇ ಬಗೆದು ಅಳಿಸಿಬಿಡುತ್ತದೆ. ಶ್ರುತಿಯೇ ತುಂಡಾದ ದನಿಯಲ್ಲಿ ಕೋಮಲ ಗಾಂಧಾರ ಎಳೆಯಷ್ಟು ಏರಿದ್ದನ್ನು ಯಾವ ಗುರು ತಾನೇ ಹಿಡಿಯಬಲ್ಲರು? ಇಂಥ ಮಕ್ಕಳು ರಜೆಗೆ ಊರಿಗೆ ಬಂದಾಗ ಮದುವೆ, ಪ್ರವಾಸಗಳ ನಡುವೆ ಎರಡು ವಾರವಾದರೂ ಗುರುಗಳ ಮನೆಗೆ ಹೋಗಿ, ಅದೇ ತಂಬೂರಿಯ ಪಕ್ಕ ಕೂತು, ವರ್ಷವಿಡೀ ಕಲಿತದ್ದನ್ನು ಮೊದಲಿನಿಂದ ಹಾಡಿ ತೋರಿಸಲಿ.